ಮೊಣಕಾಲು ಮಾತಾಡಿಸಲು ಬಂದವರು

ಲಗ್ನವಾದವರು ಒಂದು ಕಡೆ, ಆಗದವರು ಇನ್ನೊಂದು ಕಡೆ ಎಂದು ಕಬಡ್ಡಿ ಆಡಿಸಿದ್ದು ಯಾವ ಪುಣ್ಯಾತ್ಮನೋ, ನನ್ನ ಕೈಗೆ ಸಿಗಲಿಲ್ಲ. ಲಗ್ನವಾದವರ ಮಾನ ಉಳಿಸಲು ಹೋದ ನನ್ನ ಗಂಡ ಜ್ಞಾನದೇವ ಎಡ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡರು. ಅವರು ಸರ್ಕಾರಿ ಬಸ್ಸಿನ ಡ್ರೈವರ್. ಎಡಗಾಲೆಂದರೆ ಕ್ಲಚ್ಚಿನ ಕಾಲು. ಅದು ನೆಟ್ಟಗಾಗದಿದ್ದರೆ ಸ್ಟೇರಿಂಗ್ ಹಿಡಿಯುವ ಆಸೆಯನ್ನೇ ಬಿಡಬೇಕು.

ಮಿರಜದಲ್ಲಿ ಆಪರೇಶನ್ ಮಾಡಿ ಹೊಸ ಲಿಗಮೆಂಟ್ ಕೂರಿಸಿದರು. ಮನೆಗೆ ಕಳಿಸುವಾಗ, ಅಲ್ಲಿ ವ್ಯಾಯಾಮ ಮಾಡಿಸುವ ಶೇವಂತಾ ಮೇಡಂ ನನಗೆ ಬಿಡಿಸಿ ಹೇಳಿದರು: "ಮೊಣಕಾಲ ಬುಡಕ ದಿಂಬ ಇಡಬ್ಯಾಡ್ರಿ. ಹಿಮ್ಮಡದ ಬುಡಕ ಟಾವೆಲ್ ಸುತ್ತಿ ಇಡ್ರಿ, ಮೊಣಕಾಲ ತಾನ ಕೆಳಗ ಇಳೀಲಿ. ನೋವಾಕೈತಿ, ಆಗ್ಲಿ. ಇಲ್ಲಂದ್ರ ಕಾಲ ಸೊಟ್ಟ ಉಳೀತೈತಿ."

ಇದರಲ್ಲಿ ತಿಳಿಯದಂಥದ್ದೇನಿದೆ? ಆದರೆ ನಮ್ಮ ದಿಗ್ಗೇವಾಡಿಯಲ್ಲಿ ಆಪರೇಶನ್ ಆದವರನ್ನು ಮಾತಾಡಿಸಲು ಬರುವ ಪದ್ಧತಿ ಇದೆಯಲ್ಲ! ಬಿಸ್ಕಿಟ್ ಪುಡಿಕೆ ಹಿಡಿದು ಬಂದವರ ಕಣ್ಣಿಗೆ ಪೇಶಂಟು ಪೇಶಂಟಿನಂತೆಯೇ ಕಾಣಬೇಕು. ಎದ್ದು ಓಡಾಡುತ್ತಿದ್ದರೆ ರಜೆ ಹೊಡೆಯಲು ನಾಟಕ ಎಂದಾರೆಂದು ನಮ್ಮತ್ತೆ ತುಳಸವ್ವನಿಗೆ ಭಯ. ಅಂಗಳದಲ್ಲಿ ಚಪ್ಪಲಿ ಸದ್ದಾದರೆ ಸಾಕು, "ಮಲ್ಕೊ ಮಲ್ಕೊ, ಮಂದಿ ಬಂದ್ರು" ಎಂದು ಮಗನನ್ನು ಗಾದಿಗೆ ಅಟ್ಟುವರು.

ಹಾರೂಗೇರಿಯಿಂದ ಅತ್ತೆಯ ತಮ್ಮ ಬಾಪುಸಾಹೇಬ ಬಂದರು. ಕಾಲು ನೋಡಿ ಹೌಹಾರಿದರು.

"ಕಾಲ ಹಿಂಗ ಬಿಟ್ಟೀಯಲ್ಲ ಬೇ ಸರಿತಾ! ಬುಡಕೊಂದು ದಿಂಬ ಇಡಾಕ ಏನ ರೋಗ?"

"ಇಡಬ್ಯಾಡ ಅಂದಾರ್ರಿ, ಮಾಮಾ."

"ಅಂದವರಿಗೇನ, ಕಾಲ ಅವರದೇನು?"

ಒಂದಲ್ಲ, ಎರಡು ದಿಂಬು ತುರುಕಿ, ಚಹಾ ಕುಡಿದು ಹೋದರು. ನಾನು ತೆಗೆದೆ. ಮುಂದೆ ಬಂದವರು ಮತ್ತೆ ಇಟ್ಟರು. ನಾನು ತೆಗೆಯಲು ಹೋದಾಗಲೆಲ್ಲ ನಮ್ಮ ಮನೆಯವರದು ಒಂದೇ ರಾಗ: "ಇರ್ಲಿ ಬಿಡ, ಹಗೂರ ಅನಸ್ತೈತಿ. ಪ್ರೀತಿಲೆ ಇಟ್ಟಾರ." ಪ್ರೀತಿಯಂತೆ, ಮಣ್ಣು! ಇವರಿಗೆ ತಾವು ಬಿದ್ದ ಕಬಡ್ಡಿಯ ಕಥೆ ಹೇಳಲು ಜನ ಬೇಕಿತ್ತು. ಮೊದಲ ದಿನದ ಕಥೆಯಲ್ಲಿ ಇವರ ಕಾಲು ಹಿಡಿದವನು ಒಬ್ಬನೇ ಹುಡುಗ. ಬಿಸ್ಕಿಟ್ ಪುಡಿಕೆ ಹೆಚ್ಚಿದಂತೆ ಆ ಹುಡುಗರೂ ಹೆಚ್ಚಿದರು. ಕೊನೆಗೆ ಶೇಡಬಾಳದ ಬೀಗರು ಬಂದಾಗ ಸೀಟಿ ಊದುವವನೂ ಇವರ ಮೇಲೆ ಬಿದ್ದಿದ್ದ.

ರಜೆ ಮುಗಿದು ಡಿಪೋದಲ್ಲಿ ಪರೀಕ್ಷೆಗೆ ಕರೆದರು. ನಾನೂ ಹೋಗಿದ್ದೆ. ಖಾಲಿ ಬಸ್ಸು ಹತ್ತಿ ಕ್ಲಚ್ ತುಳಿದರೆ ಕಾಲು ಅರ್ಧಕ್ಕೇ ನಿಂತಿತು, ಗೇರು ಕಿರ್ರೆಂದು ಕಿರುಚಿತು. "ಸೀಟ ಹಿಂದಾಗೇತ್ರಿ" ಎಂದರು ಇವರು. ಸೀಟು ಮುಂದಕ್ಕೆ ಎಳೆದರೆ ಬಿಸ್ಕಿಟ್ ತಿಂದು ಬೆಳೆದ ಹೊಟ್ಟೆ ಸ್ಟೇರಿಂಗಿಗೆ ಸಿಕ್ಕಿಕೊಂಡಿತು. ಪರೀಕ್ಷೆಗೆ ನಿಂತಿದ್ದ ಡಿಪೋ ಸಾಹೇಬರು ನಗಲಿಲ್ಲ.

"ಮುಂದಿನ ತಿಂಗಳ ಇನ್ನೊಮ್ಮೆ ನೋಡೂಣು, ಜ್ಞಾನದೇವ. ಆಗ್ಲಿಲ್ಲಂದ್ರ ಗಾಡಿ ತೊಳಿಯೋ ಕೆಲಸ ಐತಿ."

ಊರಿಗೆ ಮರಳುವಾಗ ಅವರು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು, ಬೇರೆಯವನು ಗೇರು ಬದಲಿಸುವ ಸದ್ದು ಕೇಳುತ್ತ ಕಣ್ಣೊರೆಸಿಕೊಂಡರು. ನನಗೆ ಪಾಪ ಅನಿಸಿತು, ಕಪಾಳಕ್ಕೊಂದು ಬಾರಿಸಬೇಕೆಂಬ ಸಿಟ್ಟೂ ಬಂತು. ಮರುದಿನವೇ ಮಿರಜಕ್ಕೆ ಎಳೆದುಕೊಂಡು ಹೋದೆ. ಶೇವಂತಾ ಮೇಡಂ ಇಬ್ಬರಿಗೂ ಬೈದು, ಮೊಣಕಾಲನ್ನು ಕೈಯಿಂದ ಒತ್ತಿ ಇಳಿಸುವುದನ್ನು ನನಗೆ ಕಲಿಸಿದರು.

ಡ್ರೈವರ್ ಕೆಲಸ ಹೋಗುತ್ತದೆಂಬ ಸುದ್ದಿ ಹಬ್ಬಿದ್ದೇ ತಡ, ಮತ್ತೆ ಮಾತಾಡಿಸುವ ಮೆರವಣಿಗೆ ಶುರುವಾಯಿತು. ಬಾಪುಸಾಹೇಬರ ದನಿ ಅಂಗಳದಲ್ಲಿ ಕೇಳಿದಾಗ ನಮ್ಮ ಮನೆಯವರು ಗಾದಿಗೆ ಹೋಗಲಿಲ್ಲ. ಕುಂಟುತ್ತ ಹೋಗಿ ಒಳಕೋಣೆಯ ಬಾಗಿಲಿಗೆ ಚಿಲಕ ಹಾಕಿ ನೆಲದ ಮೇಲೆ ಕಾಲು ಚಾಚಿದರು.

"ಒತ್ತು. ನಾ ಒದರಿದ್ರೂ ಬಿಡಬ್ಯಾಡ."

ಒತ್ತಿದೆ. ಅವರು ಓಣಿಗೆಲ್ಲ ಕೇಳುವಂತೆ ಒದರಿದರು.

"ಅಕ್ಕಾ, ನಿನ್ನ ಸೊಸಿ ಗಂಡನ್ನ ಹೊಡ್ಯಾಕತ್ತಾಳ!" ಎಂದರು ಹೊರಗೆ ಬಾಪುಸಾಹೇಬ.

ಅತ್ತೆ ಬಾಗಿಲು ಬಡಿದರು. "ತಗಿ ಬೇ ಬಾಗಲಾ! ನನ್ನ ಮಗನ್ನ ಕೊಲ್ಲತೀ ಏನ?"

ಹೆದರಿ ನನ್ನ ಕೈ ಸಡಿಲಾಯಿತು. ಅವರು ಕಣ್ಣೀರು ಸುರಿಸುತ್ತಲೇ ನನ್ನ ಕೈ ಹಿಡಿದೆಳೆದು ಮತ್ತೆ ಮೊಣಕಾಲ ಮೇಲಿಟ್ಟುಕೊಂಡರು.

"ಅವ್ವಾ," ಎಂದು ಕೂಗಿದರು, "ಮಾಮಾಗ ಚಾ ಕುಡಿಸಿ ಅಲ್ಲಿಂದ್ಲೇ ಕಳಸ. ನಾ ಡ್ಯೂಟಿ ಮ್ಯಾಲ ಅದೀನಿ."