ಬರ್ತೇನಿ ಅನ್ನದ ಮಗಳು

ನಿಂಬರ್ಗಾದಲ್ಲಿ ಮನೆಯಿಂದ ಹೊರಡುವವರು ಸಂತೆಗೆ ಹೊರಟಿರಲಿ, ಸೊಲ್ಲಾಪುರಕ್ಕೆ ಹೊರಟಿರಲಿ, "ಬರ್ತೇನಿ" ಅನ್ನಬೇಕು. "ಹೋಗ್ತೇನಿ" ಅನ್ನುವುದು ತಿರುಗಿ ಬಾರದವರ ಮಾತು. ಮೂರು ವರ್ಷದ ಕೂಸಿಗೂ ಇದನ್ನು ಕಲಿಸಿರುತ್ತಾರೆ. ಅಂಥದ್ದರಲ್ಲಿ ಹದಿನೇಳು ತುಂಬಿದ ಅಮೃತಾ ಸೋಮವಾರ ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿ, "ಹೋಗ್ತೇನಿ ಅವ್ವ" ಅಂದಳು.

ಅಂಗಳ ಗುಡಿಸುತ್ತಿದ್ದ ರೇವಮ್ಮ ಕಸಬರಿಗೆ ನಿಲ್ಲಿಸಿದಳು. "ಹಂಗ ಅನಬಾರ್ದ ಬೇ. ಬರ್ತೇನಿ ಅನ್ನ."

"ಆತು ಬಿಡವ್ವ," ಎಂದು ನಕ್ಕು ಮಗಳು ನಡೆದುಬಿಟ್ಟಳು.

ಹುಡುಗಿ ಹತ್ತನೆಯ ತರಗತಿಯಲ್ಲಿ ತಾಲೂಕಿಗೇ ಮೂರನೆಯವಳಾಗಿ ಬಂದವಳು. ಅಂದಿನಿಂದ ಊರು ಅವಳ ಹೆಸರನ್ನೇ ಮರೆತಿತ್ತು. ಕಿರಾಣಿ ಅಂಗಡಿಯ ಕರೀಮಸಾಬನಿಂದ ಹಿಡಿದು ಹೆತ್ತ ತಾಯಿಯವರೆಗೆ ಎಲ್ಲರ ಬಾಯಲ್ಲೂ ಅವಳು "ಶಾಣ್ಯಾಕಿ", ಅಂದರೆ ಜಾಣೆ. "ಶಾಣ್ಯಾಕಿಗೆ ಓದೂದೇನ್ ದೊಡ್ಡ ಮಾತ್ರಿ?" ಹೊಗಳಲು ಯಾರ ಗಂಟೂ ಕರಗುವುದಿಲ್ಲವಲ್ಲ, ಧಾರಾಳವಾಗಿ ಹೊಗಳಿದರು. ಆ ಹುಡುಗಿ ನಿದ್ದೆಗೆಟ್ಟು, ಕಣ್ಣು ಉರಿಸಿಕೊಂಡು ಓದಿದ್ದಳು ಎಂದು ಮಾತ್ರ ಒಬ್ಬರೂ ಹೇಳಲಿಲ್ಲ. ಈಗ ಅಫಜಲಪುರದ ಹಾಸ್ಟೆಲ್ಲಿನಲ್ಲಿದ್ದು ಪಿಯುಸಿ ಸೈನ್ಸ್ ಓದುತ್ತಿದ್ದಳು. ಪರೀಕ್ಷೆಯ ಮಾತೆತ್ತಿದರೆ "ಛಲೋ ಆತು" ಎಂಬುದೊಂದೇ ಉತ್ತರ. ಎರಡು ದಿನದ ರಜೆಗೆ ಬಂದವಳು ಪ್ರತಿ ಊಟವನ್ನೂ ಅರ್ಧಕ್ಕೇ ಬಿಟ್ಟು ಎದ್ದಿದ್ದಳು. ಓದಿ ಓದಿ ಸೊರಗಿದ್ದಾಳೆ ಎಂದು ರೇವಮ್ಮ ಹೆಮ್ಮೆಪಟ್ಟಿದ್ದಳು.

ಕಸ ಚೆಲ್ಲಿ ಒಳಗೆ ಬಂದರೆ ಕಿರಿಮಗಳು ಶೈಲಶ್ರೀ ಅಕ್ಕನ ಕೈಗಡಿಯಾರ ಕಟ್ಟಿಕೊಂಡು ಕುಣಿಯುತ್ತಿದ್ದಳು. ಹತ್ತನೆಯಲ್ಲಿ ಬಹುಮಾನವಾಗಿ ಬಂದದ್ದು ಅದು. ಮುಟ್ಟಿದರೆ ಅಮೃತಾ ಕೈಮೇಲೆ ಹೊಡೆಯುತ್ತಿದ್ದಳು.

"ಅಕ್ಕನೇ ಕೊಟ್ಟಾಳ. ಕಂಪಾಸ್ ಪೆಟ್ಟಿಗಿನೂ ಕೊಟ್ಟಾಳ. ಆಕಿಗಿನ್ನ ಬ್ಯಾಡಂತ."

ರೇವಮ್ಮನಿಗೆ ಆಗ ಹೊಳೆಯಿತು. ಮಗಳು ಬಾಯಿ ತಪ್ಪಿ "ಹೋಗ್ತೇನಿ" ಅಂದಿರಲಿಲ್ಲ. ತಾನು ಮಾತನ್ನು ತಿದ್ದಿ, ಅವಳ ಮುಖವನ್ನು ನೋಡದೆ ಕಳಿಸಿಬಿಟ್ಟಿದ್ದಳು.

ಸೆರಗು ಸೊಂಟಕ್ಕೆ ಸಿಕ್ಕಿಸಿ ಬರಿಗಾಲಲ್ಲೇ ಬಸ್ ನಿಲ್ದಾಣಕ್ಕೆ ಓಡಿದಳು. ಅಫಜಲಪುರದ ಬಸ್ಸಿನ ಡ್ರೈವರ್ ಚಹಾ ಕುಡಿಯುತ್ತ ಕೂತರೆ ಏಳುವುದಿಲ್ಲ ಎಂದು ಊರೆಲ್ಲ ಬೈಯುತ್ತಿತ್ತು. ಅವತ್ತೂ ಅವನ ಕೈಯಲ್ಲಿ ಚಹಾದ ಕಪ್ಪು ಇನ್ನೂ ಇತ್ತು. ರೇವಮ್ಮ ಮನಸ್ಸಿನಲ್ಲೇ ಅವನಿಗೆ ಕೈ ಮುಗಿದಳು.

ಅಮೃತಾ ಕಿಟಕಿಯ ಪಕ್ಕ ಕೂತಿದ್ದಳು. ತೊಡೆಯ ಮೇಲಿನ ಬ್ಯಾಗಿನೊಳಗೆ ಒಂದು ಪುಸ್ತಕವೂ ಇದ್ದಂತಿರಲಿಲ್ಲ.

"ಇಳಿ ಬೇ."

"ಕಾಲೇಜ ಅದ ಅವ್ವ."

"ಬರ್ತೇನಿ ಅನ್ನ, ಬಿಡ್ತೇನಿ."

ಅಮೃತಾ ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಕಣ್ಣಲ್ಲಿ ನೀರು ಬಂತು.

"ಫಿಜಿಕ್ಸ್‌ನ್ಯಾಗ ಎರಡ ಸಲ ಫೇಲಾಗೇನವ್ವ. ಶಾಣ್ಯಾಕಿ ಅಲ್ಲಂದ್ರ ನಾ ಮತ್ತ ಯಾರು?"

ಆ ಹೆಸರಿನಿಂದ ಅವಳನ್ನು ಮೊದಲು ಕರೆದವಳು ರೇವಮ್ಮನೇ. ಮಗಳ ಬ್ಯಾಗನ್ನು ತನ್ನ ಹೆಗಲಿಗೆ ಹಾಕಿಕೊಂಡು, ಕೈ ಹಿಡಿದು ಇಳಿಸಿಕೊಂಡಳು. ದಾರಿಯುದ್ದಕ್ಕೂ ಆ ಕೈ ಬಿಡಲಿಲ್ಲ. "ನಾಳಿ ಕಲಬುರ್ಗಿಗೆ ಮನಸಿನ ಡಾಕ್ಟರ್ ಕಡೆ ಹೋಗೂಣು. ಇಬ್ಬರೂ ಹೋಗಿ ಇಬ್ಬರೂ ಬರೂಣು," ಅಂದಳು.

ಸಂಜೆ ಓಣಿಯ ನಳಕ್ಕೆ ನೀರು ಬಂತು. ರೇವಮ್ಮ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಅಮೃತಾ ಕೊಡ ಎತ್ತಿಕೊಂಡು ಹೊಸ್ತಿಲ ಮೇಲೆ ನಿಂತಳು. ರೇವಮ್ಮನ ಕೈ ನಿಂತಿತು. ಆ ಒಂದು ಮಾತಿಗಾಗಿ ಅವಳು ಕಾದಳು.

ಅಮೃತಾ ಏನೂ ಅನ್ನದೆ ಹೊಸ್ತಿಲು ದಾಟಿದಳು.

ರೇವಮ್ಮ ಹಿಟ್ಟಿನ ಕೈಯಲ್ಲೇ ಇನ್ನೊಂದು ಕೊಡ ಎತ್ತಿಕೊಂಡು ಅವಳ ಹಿಂದೆ ನಡೆದಳು.