ಮೂರನೆಯ ಸಿಲಿಂಡರಿನ ನೀರು

ಬೆಳ್ಳಗಿದೆ, ಎಣ್ಣೆ ಇಷ್ಟು ಬೆಳ್ಳಗಿರಬಾರದು, ಎಂಜಿನ್ನಿನಡಿಯ ತಟ್ಟೆಗೆ ಗಟ್ಟಿ ಮಜ್ಜಿಗೆಯ ಹಾಗೆ ಸದ್ದಿಲ್ಲದೆ ಇಳಿಯುತ್ತಿದೆ, ಹುಸೇನ್ ಸಾಬ್ ಬೆರಳಿಗೆ ಹಚ್ಚಿಕೊಂಡು ಉಜ್ಜಿ ನೋಡುತ್ತಾನೆ, ನೀರು, ಎಣ್ಣೆಯೊಳಗೆ ನೀರು ಹೊಕ್ಕಿದೆ, ಅದು ಎಲ್ಲಿಯ ನೀರೆಂದು ಮನೆಯಲ್ಲಿ ಅವನೊಬ್ಬನಿಗೇ ಗೊತ್ತು — ಒಳಕೋಣೆಯಲ್ಲಿ ಅಮ್ಮಿ ಕೆಮ್ಮಿದಳು, ಅಮ್ಮಿ, ಅಫ್ಜಲುನ್ನೀಸಾ, ಅನ್ನ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದವಳು, ನನಗಿನ್ನೇನೂ ಬೇಡ ಬೇಟಾ, ಹೋಗುವಾಗ ತುಟಿಗೆ ಎರಡು ಹನಿ ಜಮ್‌ಜಮ್ ಬಿದ್ದರೆ ಸಾಕು, ಮಕ್ಕಾದ ಆ ಬಾವಿಯ ನೀರು, ಪಾವಗಡದ ಹಬೀಬ್ ಸಾಬರು ಹಡಗಿನಲ್ಲಿ ಹೋಗಿ ಹಾಜಿಯಾಗಿ ಬಂದಿದ್ದಾರಂತೆ, ತಂದಿರುತ್ತಾರೆ, ಹೋಗಿ ಕೇಳು. ಕೇಳಿದ, ಕೊಟ್ಟರು, ಅರಗಿನಿಂದ ಬಾಯಿ ಮುಚ್ಚಿದ ಸಣ್ಣ ತಗಡಿನ ಡಬ್ಬಿ, ಅದನ್ನು ಮುಂದಿನ ಸೀಟಿನಲ್ಲಿ ಕೂಸನ್ನು ಕೂರಿಸಿದ ಹಾಗೆ ಕೂರಿಸಿಕೊಂಡು ಹೊರಟಿದ್ದ, ಬಂಡೆಗುಡ್ಡಗಳ ನಡುವೆ ಎಂಜಿನ್ ಕುದಿಯತೊಡಗಿತು, ಮುಚ್ಚಳ ತೆಗೆದರೆ ಹಬೆ, ಕಾರಿಗೆಂದು ಇಟ್ಟಿದ್ದ ಕ್ಯಾನು ಆಗಲೇ ಬರಿದು, ಹೊಲದಂಚಿನಲ್ಲಿದ್ದ ಮುದುಕ ಕೈ ಆಡಿಸಿದ, ನೀಳ್ಳು ಲೇವು ಸಾಬೂ, ಬಾವಿ ಎಂಡಿಪೋಯಿಂದಿ, ನೀರಿಲ್ಲ, ಬಾವಿಯೂ ಒಣಗಿದೆ, ಬಿಸಿಲು, ಸೀಟಿನ ಮೇಲೆ ಡಬ್ಬಿ. ಅರ್ಧ ಹಾಕೋಣ ಎಂದುಕೊಂಡಿದ್ದ, ಅರ್ಧ ಅವಳಿಗೆ, ಕಾರು ಹೋಗದಿದ್ದರೆ ತಲುಪುವಷ್ಟರಲ್ಲಿ ಅವಳು ಇರುವುದೇ ಇಲ್ಲ, ಅವಳಿಲ್ಲದ ಮನೆಗೆ ಈ ನೀರು ಯಾಕೆ, ಬಗ್ಗಿಸಿದಾಗ ರೇಡಿಯೇಟರಿನ ಬಾಯಿಂದ ಗುಟುಕು ಗುಟುಕು ಸದ್ದು ಬಂತು, ಬಾಯಾರಿದವರ ಗಂಟಲಿನ ಸದ್ದು, ಕುಡಿಯುವವರ ಬಾಯಿಂದ ಪಾತ್ರೆ ಕಿತ್ತುಕೊಳ್ಳಬಾರದಲ್ಲ, ಕೈ ಬಗ್ಗಿದ್ದು ಬಗ್ಗಿದ ಹಾಗೇ ಇತ್ತು, ಡಬ್ಬಿ ಹಗುರವಾದ ಮೇಲೇ ತಿಳಿದದ್ದು.

ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಏನಾಗುತ್ತದೆಂದು ತುಮಕೂರಿನ ಕಾಲೇಜಿನಲ್ಲಿ ಓದಿದವನು ಅವನು, ಅಬ್ಬಾ ತೀರಿಕೊಂಡು ಅವರು ಓಡಿಸುತ್ತಿದ್ದ ಈ ಬಾಡಿಗೆ ಕಾರು ಕೈಗೆ ಬರುವ ತನಕ ಓದಿದ್ದು ಅದನ್ನೇ, ಹಿಗ್ಗುವುದು, ಕುಗ್ಗುವುದು, ಸೀಳುವುದು, ಮುಂದಿನ ಏರಿನಲ್ಲೇ ಹಿಂದೆ ಬಿಳಿ ಹೊಗೆ ಕಂಡಿತು, ಆಮೇಲೆ ಎತ್ತು ಕಟ್ಟಿ ಎಳೆಸಿಕೊಂಡು ನಿನ್ನೆ ಶಿರಾ ಸೇರಿದ್ದು. ಬಂತೇನೋ ಎಂದಳು ಅಮ್ಮಿ, ಬಂತು ಅಮ್ಮಿ, ಕೈ ತೊಳೆದು ಬರ್ತೀನಿ ಎಂದ, ಇನ್ನೂ ತೊಳೆಯುತ್ತಲೇ ಇದ್ದಾನೆ. ನಟ್ಟುಗಳೆಲ್ಲ ಬಿಚ್ಚಿವೆ, ಎಂಜಿನ್ನಿನ ಹೆಡ್ಡನ್ನು ಎರಡೂ ಕೈಯಲ್ಲಿ ಎತ್ತಿದ, ಉಸಿರು ಬಿಟ್ಟಂತೆ ಒಂದು ಸಣ್ಣ ಸದ್ದು, ಹೆಡ್ಡಿನಡಿಯ ಗ್ಯಾಸ್ಕೆಟ್ ಹಾಳೆ ಉಗುರಿನಗಲ ಸುಟ್ಟುಹೋಗಿದೆ, ಅಲ್ಲಿಂದಲೇ ನೀರು ಒಳಗೆ ಇಳಿದದ್ದು, ಉಳಿದ ಸಿಲಿಂಡರುಗಳಲ್ಲಿ ಕಪ್ಪು ಮಸಿ, ಮೂರನೆಯದು ಮಾತ್ರ ಯಾರೋ ಕೂತು ಬೆಳಗಿದಂತೆ ಹೊಳೆಯುತ್ತಿದೆ, ಆವಿ ತೊಳೆದದ್ದು, ಆವಿ ಹಾಗೆ ತೊಳೆಯುತ್ತದೆ, ಹೊಸತೇನಲ್ಲ, ಆದರೆ ತಳದಲ್ಲಿ ತಿಳಿನೀರು ನಿಂತಿದೆ, ಮುಟ್ಟಿದ, ಬೆಚ್ಚಗಿದೆ, ನಿನ್ನೆಯಿಂದ ಎಂಜಿನ್ ತಣ್ಣಗಿದೆ, ತಗಡಿನ ಮಾಡಿನ ಕಾವಿರಬೇಕು, ಪಕ್ಕದ ಸಿಲಿಂಡರಿನ ಕಬ್ಬಿಣ ಮುಟ್ಟಿ ನೋಡಿದ, ತಣ್ಣಗಿತ್ತು.

ಬಾಗಿಲಲ್ಲಿ ನಾಗಕ್ಕ, ಗೌಡಗೆರೆ ಕಡೆಯ ಕುರಿಯವರ ಮುದುಕಿ, ಕಂಬಳಿ ಮಾರಲು ಬಂದು ಅಮ್ಮಿಗೆ ಗೆಳತಿಯಾದವಳು, ಹಗಲೂ ರಾತ್ರಿ ಹಾಸಿಗೆಯ ಹತ್ತಿರ ಕೂತಿರುವವಳು, ಡಬ್ಬಿ ಅಲ್ಲಾಡ್ಸಿ ನೋಡ್ದೆ ಕಣ್ಲಾ, ಮೋಟ್ರಿಗೆ ಕುಡಿಸ್ಬುಟ್ಯಾ? ಹೋಗ್ಲಿ ಬುಡು, ಹೂಜಿ ನೀರೇ ಬುಟ್ರಾಯ್ತು, ಸಾಯೋಳಿಗೆ ಏನು ಗೊತ್ತಾಯ್ತದೆ, ಆ ಊರಿನ ನೀರ್ನ ಅವ್ಳೇನು ದಿನಾ ಕುಡ್ದವ್ಳಾ. ಹೇಳಿದ್ದು ಸರಿಯೇ, ಆದರೆ ಹೂಜಿಯ ನೀರು ಹೂಜಿಯದೇ, ಸಿಲಿಂಡರಿನ ಈ ನೀರು, ಇದರಲ್ಲಿ ಜಮ್‌ಜಮ್ ಇದೆ, ಇದೆಯೇ, ನೀರು ಆವಿಯಾದರೆ ಉಪ್ಪು ಹಿಂದೆ ಉಳಿಯುತ್ತದೆ, ಅಷ್ಟು ಪಾಠ ನೆನಪಿದೆ, ಬರಕತ್ತು, ಆ ನೀರಿನ ಪುಣ್ಯ, ಯಾವ ಕಡೆಗೆ ಹೋಗುತ್ತದೆ, ಆವಿಯ ಜೊತೆ ಏರುತ್ತದೋ ತುಕ್ಕಿನ ಜೊತೆ ಉಳಿಯುತ್ತದೋ, ಯಾವ ಪುಸ್ತಕದಲ್ಲೂ ಇಲ್ಲ, ಹೊಸ ಅರಳೆ ಅದ್ದಿದ, ಪಿಂಗಾಣಿ ಬಟ್ಟಲಿಗೆ ಹಿಂಡಿದ, ಮತ್ತೆ ಅದ್ದಿದ, ತಿಳಿಯಾಗಿದೆ, ಬೆಳಕಿಗೆ ಹಿಡಿದರೂ ತಿಳಿಯಾಗಿದೆ.

ಕೋಣೆಯೊಳಗೆ ಅವಳ ಕಣ್ಣು ಇವನನ್ನಲ್ಲ, ಬಟ್ಟಲನ್ನು ನೋಡುತ್ತಿತ್ತು, ಬಿಸ್ಮಿಲ್ಲಾ ಎಂದು ಅರಳೆ ಒತ್ತಿದ, ಹನಿ ಇಳಿಯಿತು, ಗಂಟಲು ಆಡಿತು, ಗುಟುಕು, ದಾರಿಯಲ್ಲಿ ಕೇಳಿದ ಅದೇ ಸದ್ದು, ಅವನ ಕೈ ಈಗಲೂ ನಿಲ್ಲಲಿಲ್ಲ, ಅಮ್ಮಿ ಮೂಗು ಅರಳಿಸಿದಳು, ಮುಖದ ಗೆರೆಗಳು ಸಡಿಲವಾದವು, ನಿಮ್ಮ ಅಬ್ಬಾನ ಕೈ ವಾಸನೆ ಎಂದಳು, ಬಾಗಿಲಲ್ಲಿ ನಿಂತಿದಾರೆ, ಒಳಗೆ ಕರಿ ಬೇಟಾ. ನಾಗಕ್ಕ ಬಾಗಿಲ ಕಡೆ ತಿರುಗಿ, ಯಾರಿಗೋ ದಾರಿ ಬಿಡುವವಳಂತೆ ಸೆರಗು ಎಳೆದುಕೊಂಡು ಸರಿದಳು, ಯಾಕೆ ಸರಿದಳು, ಅವನು ತಿರುಗಲಿಲ್ಲ, ತಿರುಗಿದ್ದರೆ, ಬೇಡ, ಮತ್ತೊಂದು ಹನಿ ಬಿಟ್ಟ, ಈ ಸಲ ಗಂಟಲು ಆಡಲಿಲ್ಲ, ಹನಿ ತುಟಿಯ ಮೇಲೇ ಹರಡಿ ನಿಂತಿತು, ತಿಳಿಯಾಗಿತ್ತಲ್ಲ, ಬೆಳಕಿಗೆ ಹಿಡಿದಿದ್ದನಲ್ಲ, ಎಲ್ಲಿಂದ ಬಂತು ಈ ಎಣ್ಣೆಯ ಪೊರೆ, ನೀಲಿ, ಹಸಿರು, ಕೆಂಪು, ಹೋಗಿಬಿಟ್ಳು ಕಣಪ್ಪಾ ಎಂದಳು ನಾಗಕ್ಕ, ನೀಲಿ, ಹಸಿರು, ಒರೆಸಬೇಕು, ಒರೆಸಿದರೆ ಜಮ್‌ಜಮ್ ಕೂಡ ಹೋಗುತ್ತದೆ, ಒರೆಸದಿದ್ದರೆ, ತುಟಿಯ ಮೇಲೆ ಬಣ್ಣಗಳು ನಿಧಾನವಾಗಿ ಸುತ್ತುತ್ತಿವೆ, ಉಸಿರಿಲ್ಲ, ಗಾಳಿಯಿಲ್ಲ, ಆದರೂ ಸುತ್ತುತ್ತಿವೆ, ನೀಲಿ, ಹಸಿರು, ತುಟಿಯ ಮೇಲೆ, ಸುತ್ತುತ್ತಿವೆ —