ಮೋರಿ ದಾಟಿದ ಮೀನು

ಶವಪೆಟ್ಟಿಗೆಯ ಪಕ್ಕದಲ್ಲಿದ್ದ ದೊಡ್ಡ ಹೂಚಕ್ರವನ್ನು ಥೆಲ್ಮಾ ಎರಡೂ ಕೈಯಲ್ಲಿ ಎತ್ತಿಕೊಂಡು, ಚರ್ಚಿನ ನೆಲಮಾಳಿಗೆಯ ಮೆಟ್ಟಿಲಿಳಿದು, ಕಾಫಿ ಹಂಡೆಯ ಹಿಂದಿನ ಮೂಲೆಗೆ ಒಯ್ದು ಮುಖ ಗೋಡೆಗೆ ತಿರುಗಿಸಿ ನಿಲ್ಲಿಸಿದಳು.

ಕೇಕ್ ಕತ್ತರಿಸುತ್ತಿದ್ದ ಸಿಗ್ನಿ ಚಾಕು ಹಿಡಿದೇ ತಿರುಗಿದಳು. ಎಂಬತ್ತು ದಾಟಿದ ಹೆಂಗಸು. ಈ ಚರ್ಚಿನ ಸಾವು ಮದುವೆಗಳಿಗೆಲ್ಲ ಕಾಫಿ ಅವಳದೇ.

“ಏನೇ ಅದು? ಮೇಲಿರೋ ಹೂವನ್ನ ಹೊತ್ಕೊಂಡು ಬಂದ್ಯಲ್ಲೇ!”

“ರಿಬ್ಬನ್ ಮೇಲೆ ಏನ್ ಬರ್ದಿದೆ ಓದಿ ಆಂಟಿ.”

ಸಿಗ್ನಿ ಚಕ್ರವನ್ನು ಇತ್ತ ತಿರುಗಿಸಿ, ಕನ್ನಡಕ ಸರಿಮಾಡಿಕೊಂಡು ಓದಿದಳು: ‘ತೊರೆಗಳ ಬಾಗಿಲು ತೆರೆದ ಡೊರೀನ್‌ಗೆ, ಅವಳ ಜೊತೆಗಾರ ಗ್ಲೆನ್ ರಾಸ್ಕಿ, ಕೌಂಟಿ ಕಮಿಷನರ್.’

“ಜೊತೆಗಾರನಂತೆ ಜೊತೆಗಾರ! ಬೇಸಿಗೆಯಿಂದ ಅವಳ ಫೋನ್ ಎತ್ತಿಲ್ಲ ಈ ಹಲಾಲುಕೋರ.”

“ಬಾಯಿ ಬಿಗಿ ಹಿಡಿಯೇ. ಚರ್ಚು ಇದು.”

“ಇದು ನೆಲಮಾಳಿಗೆ ಆಂಟಿ. ದೇವ್ರು ಮೇಲಿದಾನೆ.”

ಸಿಗ್ನಿ ನಗು ತಡೆದುಕೊಂಡು ಚಕ್ರವನ್ನು ತಾನೇ ಮತ್ತೆ ಗೋಡೆಗೆ ತಿರುಗಿಸಿದಳು. ಉದ್ದನೆಯ ಮೇಜಿನ ಮೇಲೆ ಅವಳ ಕಡೆಯವರು ತಂದ ನೂಡಲ್ಸ್ ತಟ್ಟೆಗಳ ಪಕ್ಕದಲ್ಲೇ ಥೆಲ್ಮಾಳ ಜನ ಕಳಿಸಿದ ಹೊಗೆಯಲ್ಲಿ ಒಣಗಿಸಿದ ಸಾಲ್ಮನ್ ಇತ್ತು. ನದಿ ಕಡಲು ಸೇರುವಲ್ಲಿ ರಸ್ತೆ, ಚರ್ಚು, ಕೌಂಟಿಯೆಂಬ ಜಿಲ್ಲಾಡಳಿತ ಯಾವುದೂ ಇಲ್ಲದಿದ್ದಾಗಿನಿಂದ ಇದ್ದ ಮೂಲನಿವಾಸಿ ಜನ ಅವರು. ಅವರ ಮೀನು ಕಚೇರಿಯಲ್ಲಿ ಥೆಲ್ಮಾಳಿಗೆ ಕೆಲಸ. ಸಾವಿನ ಮನೆಗೆ ಮೀನು ಕಳಿಸದೆ ಅವರು ಯಾರನ್ನೂ ಮಣ್ಣು ಮಾಡಲು ಬಿಡುವುದಿಲ್ಲ. ಈ ಸಲ ಮೀನು ಕಡಿಮೆ. ಕಡಿಮೆಯಿದ್ದರೂ ಡೊರೀನ್‌ಗಾಗಿ ಇದ್ದದ್ದನ್ನೆಲ್ಲ ಕೊಟ್ಟಿದ್ದರು.

ಭಾನುವಾರ ಆಲೂಗಡ್ಡೆ ಸುಲಿಯುತ್ತ ಕೂತಿದ್ದ ಡೊರೀನ್ ಹಾಗೇ ಮೇಜಿನ ಮೇಲೆ ತಲೆಯಿಟ್ಟಳಂತೆ. ಗಂಡ ಆರ್ನೆ ದಣಿದಿದ್ದಾಳೆ ಎಂದುಕೊಂಡು ಒಲೆಯ ಉರಿ ಕಡಿಮೆ ಮಾಡಿದನಂತೆ. ದಣಿಯದೆ ಏನು? ನದಿಗೆ ಸಾಲ್ಮನ್ ಮರಳಿ ತರಲೆಂದು ಸರ್ಕಾರ ಕೊಡುವ ಅನುದಾನವನ್ನು ಯಾವ ತೊರೆಗೆ, ಯಾವ ಮೋರಿಗೆ, ಯಾರ ಹೊಲದಂಚಿನ ಗಿಡಗಳಿಗೆ ಎಂದು ಹಂಚಿಸುವುದೇ ಅವಳ ಜೀವಮಾನದ ಕೆಲಸ. ರೈತರು ಅವಳನ್ನು ಮೀನಿನ ಕಡೆಯವಳು ಎಂದು ಬೈದರು. ಮೀನುಗಾರರು ರೈತರ ಕಡೆಯವಳು ಎಂದರು. ಥೆಲ್ಮಾ ಮುಖದ ಮೇಲೆಯೇ ‘ನೀನು ಯಾರ ಕಡೆಯವಳೂ ಅಲ್ಲ, ಅದೇ ನಿನ್ನ ರೋಗ’ ಎಂದಿದ್ದಳು. ಎಲ್ಲರಿಗೂ ಅವಳು ಒಂದೇ ಸಮನೆ ಮುಗುಳ್ನಕ್ಕು ಬಿಸ್ಕತ್ತಿನ ಡಬ್ಬಿ ಮುಂದೆ ತಳ್ಳುತ್ತಿದ್ದಳು. ಆ ಡಬ್ಬಿಯ ನೆನಪಾಗಿ ಥೆಲ್ಮಾಳಿಗೆ ಅಳು ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

*

ಎಂಟು ವರ್ಷದ ಹಿಂದೆ, ಕಟ್ಲರ್ ತೊರೆ. ಅನುದಾನಕ್ಕೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಸಮಿತಿ ಮತ ಹಾಕುವ ಮೊದಲು ಎಲ್ಲರೂ ರಬ್ಬರ್ ಬೂಟು ಹಾಕಿ ನೀರಿಗಿಳಿಯಲೇಬೇಕು. ಅದು ಡೊರೀನ್ ಮಾಡಿದ ಕಾನೂನು. ಕಾಲು ಒದ್ದೆ ಮಾಡಿಕೊಳ್ಳದವನಿಗೆ ಮತವಿಲ್ಲ. ಗ್ಲೆನ್ ರಾಸ್ಕಿ ಕೂಡ ಅಂದು ಯಾರದೋ ಬೂಟು ಎರವಲು ಪಡೆದು ಇಳಿದಿದ್ದ.

ತೊರೆಗೆ ಮೂರು ಮೋರಿ, ದಾರಿಯಡಿ ನೀರು ಹಾಯಿಸುವ ಸಿಮೆಂಟ್ ಕೊಳವೆಗಳು. ಎರಡು ಮೇಲೆ, ಜಮೀನುಗಳಲ್ಲಿ. ಕೆಳಗಿನದು ಕೌಂಟಿ ರಸ್ತೆಯ ಅಡಿಯಲ್ಲಿ. ಅದರ ಬಾಯಿ ನೀರಿನ ಮಟ್ಟಕ್ಕಿಂತ ಆಳೆತ್ತರದಲ್ಲಿ ನೇತಾಡುತ್ತಿತ್ತು. ಮೊಟ್ಟೆಯಿಡಲು ಸಮುದ್ರದಿಂದ ತೊರೆ ಹತ್ತಿ ಬರುವ ಮೀನು ಮೊದಲು ದಾಟಬೇಕಾದದ್ದೇ ಅದನ್ನು.

“ಕೆಳಗಿಂದು ಮೊದ್ಲು ಆಗ್ಬೇಕು,” ಎಂದಿದ್ದಳು ಥೆಲ್ಮಾ. “ತಲೆಬಾಗಿಲಿಗೆ ಬೀಗ ಹಾಕಿ ಒಳಗಿನ ಕೋಣೆಗೆ ಸುಣ್ಣ ಹೊಡೀತೀರಾ?”

“ಕೆಳಗಿನ ಮೋರಿ ನಮ್ಮ ರಸ್ತೆ ಇಲಾಖೆದು ಕಣಮ್ಮ,” ಎಂದ ಗ್ಲೆನ್. “ಎರಡು ವರ್ಷದಲ್ಲಿ ನಾವೇ ಬದಲಾಯಿಸ್ತೀವಿ. ಮೀನಿನ ದುಡ್ಡು ಅದಕ್ಯಾಕೆ ದಂಡ? ಮೇಲಿನವಕ್ಕೆ ಹಾಕಿ. ಅಲ್ಲಿ ಜಮೀನಿನವರು ಒಪ್ಪಿ ಕೂತಿದಾರೆ. ನನ್ನ ಮಾತು ತಗೊಳ್ಳಿ.”

ಡೊರೀನ್ ಅವನ ಮುಖ ನೋಡಿದಳು. ತೊಡೆವರೆಗೆ ನೀರಲ್ಲಿ ನಿಂತವನು ಸುಳ್ಳು ಹೇಳುತ್ತಾನೆಂದು ಅವಳಿಗೆ ಹೊಳೆಯಲೇ ಇಲ್ಲ.

ಮೇಲಿನ ಎರಡು ಮೋರಿ ತೆಗೆದು ಸೇತುವೆ ಹಾಕಿದರು. ದಡಕ್ಕೆ ಗಿಡ ನೆಟ್ಟರು. ಮೀನು ಮೊಟ್ಟೆಯಿಡಲೆಂದು ಸಣ್ಣ ಕಲ್ಲು ಹರಡಿದರು, ಮರಿಗಳಿಗೆ ನೆರಳಾಗಲೆಂದು ದಿಮ್ಮಿ ಮಲಗಿಸಿದರು. ನೋಡಲು ಕಣ್ಣಿಗೆ ಹಬ್ಬ. ಕೌಂಟಿಯ ರಸ್ತೆ ಹಣ ಮಾತ್ರ ಎರಡು ವರ್ಷ, ಮತ್ತೆರಡು ವರ್ಷ, ಇನ್ನೆಲ್ಲೆಲ್ಲಿಗೋ ಹೋಯಿತು. ಕೆಳಗಿನ ಮೋರಿ ನೇತಾಡುತ್ತಲೇ ಇತ್ತು.

*

“ಡೊರೀನ್ ಮತ್ತು ನಾನು,” ಎಂದು ಗ್ಲೆನ್ ಪೀಠದ ಬಳಿ ನಿಂತು ಶುರುಮಾಡಿದ.

ಮುಂದಿನ ಸಾಲಿನಲ್ಲಿ ಆರ್ನೆಯ ಪಕ್ಕ ಕೂತಿದ್ದ ಥೆಲ್ಮಾಳ ಮೈಯೆಲ್ಲ ಉರಿಯಿತು. ಹೊರಗೆ ಮೂರು ದಿನದಿಂದ ಬಿಡದ ಮಳೆ. ಚರ್ಚಿನ ತಗಡಿನ ಮೇಲೆ ಅದು ಸುರಿಯುವ ಸದ್ದನ್ನೂ ಮೀರಿ ಅವನ ದನಿ ಮೊಳಗುತ್ತಿತ್ತು. ಡೊರೀನ್ ಮತ್ತು ತಾನು ಎಷ್ಟು ಬಡಿದಾಡಿದರೂ ಗೆಳೆಯರೇ ಆಗಿದ್ದೆವು ಎಂದ. ಕಟ್ಲರ್ ತೊರೆಗೆ ಅವಳ ಹೆಸರಿಡುತ್ತೇವೆ ಎಂದ. ‘ಇವತ್ತು ಆ ತೊರೆಯಲ್ಲಿ ಕೋಹೋ ಸಾಲ್ಮನ್ ಹತ್ತುತ್ತಿದ್ದರೆ ಅದಕ್ಕೆ ಕಾರಣ ಅವಳು’ ಎಂದು ಕಣ್ಣೊರೆಸಿಕೊಂಡ. ಒಬ್ಬಿಬ್ಬರು ಮೂಗು ಸೀಟಿದರು.

ಪೆಟ್ಟಿಗೆಯನ್ನು ಶವವಾಹನಕ್ಕೇರಿಸುವಾಗ ಥೆಲ್ಮಾ ಅವನನ್ನು ಬಾಗಿಲಲ್ಲೇ ಅಡ್ಡಗಟ್ಟಿದಳು.

“ಹೆಸರು ಆಮೇಲಿಡಿ ಕಮಿಷನರೇ. ಒಪ್ಪಿಗೆಗೆ ಸಹಿ ಯಾವಾಗ ಹಾಕ್ತೀರಿ?”

ವಿಷಯ ಅದೇ. ಕೌಂಟಿಯನ್ನು ಕಾದು ಸಾಕಾಗಿ ಡೊರೀನ್ ಈ ವರ್ಷ ಕೆಳಗಿನ ಮೋರಿಗೂ ಅನುದಾನ ತಂದಿದ್ದಳು, ಪೂರ್ತಿ. ರಸ್ತೆಯ ಒಡೆಯನಾದ ಕೌಂಟಿ ಒಪ್ಪಿದರೆ ಸಾಕು. ಈ ತಿಂಗಳೊಳಗೆ ಒಪ್ಪದಿದ್ದರೆ ಹಣ ಬೇರೆ ನದಿಯ ಪಾಲು. ಮೋರಿ ತೆಗೆಯಲು ಒಂದು ಬೇಸಿಗೆ ರಸ್ತೆ ಮುಚ್ಚಬೇಕು. ಮುಚ್ಚಿದರೆ ಜಲ್ಲಿ ಕ್ವಾರಿಯ ಲಾರಿಗಳು ಸುತ್ತಿ ಬಳಸಿ ಹೋಗಬೇಕು. ಕ್ವಾರಿಯವರು ಗ್ಲೆನ್‌ನ ಚುನಾವಣೆಗೆ ಎಷ್ಟು ಬೇಕಾದವರು ಎನ್ನುವುದು ಊರಿಗೇ ಗೊತ್ತು.

“ಇವತ್ತು ಅದರ ದಿನ ಅಲ್ಲ ಥೆಲ್ಮಾ.”

“ನಿಮಗೆ ಯಾವತ್ತು ಅದರ ದಿನ ಆಗಿತ್ತು?”

“ನೋಡಮ್ಮ,” ಅವನು ದನಿ ತಗ್ಗಿಸಿದ. “ಮೋರಿ ಮೇಲ್ಗಡೆ ಪ್ರತಿ ವರ್ಷ ಮೀನು ಮೊಟ್ಟೆಯಿಟ್ಟ ಗೂಡು ಸಿಗ್ತಿವೆ ಅಂತ ಎಣಿಸಿ ಬರೆದವರು ನಿಮ್ಮ ಕಚೇರಿಯವ್ರೇ. ಐದೋ ಆರೋ, ಸಿಗ್ತಿವೆ ತಾನೆ? ಅಂದ್ರೆ ಮೀನು ದಾಟ್ತಾ ಇದೆ. ದಾಟೋ ಮೋರಿನ ಒಡೆಯೋಕೆ ರಸ್ತೆ ಯಾಕೆ ಮುಚ್ಲಿ? ನಾನು ಹೇಳಿದ್ದಲ್ಲ, ನಿಮ್ಮ ಲೆಕ್ಕವೇ ಹೇಳ್ತಿದೆ.”

ಥೆಲ್ಮಾ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಅದು ನಿಜ. ಆ ಗೂಡುಗಳನ್ನು ಅವಳೇ ಕಣ್ಣಾರೆ ಕಂಡಿದ್ದಳು. ಆಳೆತ್ತರದ ಸಿಮೆಂಟಿಗೆ ಮೀನು ಹೇಗೆ ಹಾರಿತೆಂದು ಅವಳ ತಲೆಗೆ ಹೊಕ್ಕಿರಲಿಲ್ಲ. ಆ ಐದಾರು ಗೂಡುಗಳಿಂದಲೇ ಕೆಳಗಿನ ಮೋರಿ ಸಮಿತಿಯಲ್ಲಿ ವರ್ಷ ವರ್ಷವೂ ಅಂಕ ಕಳೆದುಕೊಂಡು ಹಿಂದೆ ಬಿದ್ದಿತ್ತು.

ಆರ್ನೆ ತನ್ನ ಹಳೆಯ ಪಿಕಪ್ಪಿನ ಬಾಗಿಲು ತೆರೆದು ಕಾಯುತ್ತಿದ್ದ. ಥೆಲ್ಮಾ ಹತ್ತಿ ಧಡಾರನೆ ಬಾಗಿಲು ಹಾಕಿದಳು. ಶವವಾಹನದ ಹಿಂದೆ ಅವರದು, ಅವರ ಹಿಂದೆ ಗ್ಲೆನ್‌ನ ಕಪ್ಪು ಕಾರು, ಆಮೇಲೆ ಊರು. ಸ್ಮಶಾನ ಕಟ್ಲರ್ ತೊರೆಯ ಆಚೆಯ ಗುಡ್ಡದಲ್ಲಿ.

ಹಿಂದಿನ ಗಾಜಿನಲ್ಲಿ ಉದ್ದ ಹಿಡಿಯ ಮೀನುಬಲೆಯೊಂದು ಕುಲುಕುತ್ತಿತ್ತು.

“ಸಾವಿನ ಮನೆಗೆ ಬಲೆ ಯಾಕೆ ತಂದೆಯೋ?”

“ತಂದಿದ್ದಲ್ಲ. ಮಳೆ ಶುರುವಾದ್ರೆ ಅದು ಗಾಡಿಯಲ್ಲೇ ಇರುತ್ತೆ.” ಆರ್ನೆ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. “ಅವಳದು ಅದು.”

“ಡೊರೀನ್ ಯಾವತ್ತು ಮೀನು ಹಿಡಿದಿದ್ಲು?”

ಅವನು ಗಾಜಿಗೆ ಕವಿದ ಮಂಜನ್ನು ಅಂಗೈಯಿಂದ ಒರೆಸಿದ. ಹರೆಯದಿಂದ ದೋಣಿಯ ಮೇಲೆ ಬದುಕಿದವನು. ಮೀನು ಮುಗಿದು ದೋಣಿ ಮಾರಿದ ಮೇಲೆ ಮಾತೂ ಕಡಿಮೆಯಾಗಿತ್ತು.

“ಗ್ಲೆನ್ ಬಾಗಿಲಲ್ಲಿ ಅಂದಿದ್ದು ನನಗೆ ಕೇಳಿಸ್ತು,” ಎಂದ. “ಆ ಗೂಡುಗಳು ಅವಳವೇ ಥೆಲ್ಮಾ.”

*

ಮೇಲಿನ ಮೋರಿಗಳನ್ನು ತೆಗೆದ ಮೊದಲ ವರ್ಷ ಡೊರೀನ್ ನೋಡಿ ಬರಲೆಂದಷ್ಟೇ ಹೋಗಿದ್ದಳು. ನವೆಂಬರ್ ಮಳೆಗೆ ಕೆಂಪೇರಿದ ಕೋಹೋಗಳು ಮೋರಿಯ ಕೆಳಗಿನ ಗುಂಡಿಯಲ್ಲಿ ಒಂದರ ಮೇಲೊಂದು ತುಂಬಿ ನಿಂತಿದ್ದವು. ಹಾರುವುದು, ಸಿಮೆಂಟಿಗೆ ಮೂತಿ ಬಡಿದುಕೊಳ್ಳುವುದು, ಬೀಳುವುದು. ಡೊರೀನ್ ಒಂದು ಗಂಟೆ ನೋಡಿದಳಂತೆ.

“ಆರ್ನೆ, ಬಲೆ ಕೊಡು.”

“ಹುಚ್ಚಾ ನಿಂಗೆ? ಪರವಾನಗಿ ಇಲ್ದೆ ಮುಟ್ಟಿದ್ರೆ ಕೇಸು. ಬೇರೆಯವರಿಗೆ ನೀನೇ ಹೇಳ್ತೀಯ.”

“ಇವನ್ನ ಇಲ್ಲಿವರೆಗೆ ಕರೆದವಳು ನಾನು. ಮೇಲೆ ಹಾಸಿಗೆ ಹಾಸಿಟ್ಟು ತಲೆಬಾಗಿಲು ಮುಚ್ಚಿದವಳೂ ನಾನೇ. ಕೊಡು.”

ಒಂದು ಜೋಡಿಯನ್ನು ಹೊತ್ತು ರಸ್ತೆ ದಾಟಿ ಮೇಲಿನ ನೀರಿಗೆ ಬಿಟ್ಟಳು. ಮರುವರ್ಷ ನಿಲ್ಲಿಸಲಾಗಲಿಲ್ಲ. ತಾನು ಹೊತ್ತು ಹಾಕಿದ ಮೀನಿನ ಗೂಡುಗಳೇ ಸಮಿತಿಯಲ್ಲಿ ತನಗೆ ತಿರುಗಿ ಬಡಿಯುತ್ತಿವೆ ಎಂದು ಅರಿವಾಗುವಷ್ಟರಲ್ಲಿ ಹೇಳುವ ಕಾಲ ಮೀರಿತ್ತು. ಹೇಳಿದರೆ ಕೆಲಸ ಹೋಗುತ್ತಿತ್ತು. ಅವಳು ತಂದ ಅನುದಾನವನ್ನೆಲ್ಲ ಜನ ಅನುಮಾನಿಸುತ್ತಿದ್ದರು. ಹೊರದಿದ್ದರೆ ಮೀನು ಕಣ್ಣೆದುರೇ ಸಾಯುತ್ತಿತ್ತು.

*

“ಇಷ್ಟು ವರ್ಷ!” ಥೆಲ್ಮಾ ಡ್ಯಾಶ್‌ಬೋರ್ಡಿಗೆ ಗುದ್ದಿದಳು. “ಅವಳೆದುರು ಕೂತು ತಲೆ ಚಚ್ಕೊಂಡಿದೀನಲ್ಲೋ, ಈ ಮೀನು ಹೆಂಗೆ ದಾಟ್ತು ಅಂತ! ಬಿಸ್ಕತ್ತಿನ ಡಬ್ಬಿ ಮುಂದೆ ತಳ್ಳಿದ್ಲು ಕಣೋ ನಂಗೆ! ಐದು ಮೀನು ಉಳಿಸೋಕೆ ಐನೂರು ಸಾಯಿಸಿದ್ಲು. ಬದುಕಿದ್ದಿದ್ರೆ ಜುಟ್ಟು ಹಿಡಿದು ಕೇಳ್ತಿದ್ದೆ.”

“ನಾನೂ ಕೇಳ್ದೆ,” ಎಂದ ಆರ್ನೆ. “ಅಳ್ತಿದ್ಲು. ಏನ್ ಮಾಡ್ಲಿ?”

ಮುಂದೆ ರಸ್ತೆ ಇಳಿದು ತೊರೆಯ ಮೇಲೆ ಹಾಯುತ್ತಿತ್ತು. ಮಳೆಯ ನಡುವೆಯೂ ಆ ಸದ್ದು ಕೇಳಿಸಿತು. ಒದ್ದೆ ಬಟ್ಟೆ ಕಲ್ಲಿಗೆ ಬಡಿದಂತೆ.

“ಹಾರ್ನ್ ಹೊಡಿ. ನಿಲ್ಲಿಸು ಎಲ್ಲಾರ್ನೂ.”

ಶವವಾಹನ ಮೋರಿಯ ಮೇಲೆ ನಿಂತಿತು. ಹಿಂದೆ ಒಂದೊಂದೇ ಕಾರು ನಿಂತಿತು. ಕೊಡೆ ಬಿಚ್ಚಿಕೊಂಡು ಜನ ಇಳಿದರು. ಸಿಗ್ನಿಯನ್ನು ಇಬ್ಬರು ತೋಳು ಹಿಡಿದು ಕರೆತಂದರು. ಕೆಳಗೆ ಕಂದು ನೀರಿನಲ್ಲಿ ಕೆಂಪು ಬೆನ್ನುಗಳು ಕಿಕ್ಕಿರಿದಿದ್ದವು. ಒಂದು ಹಾರಿ, ಸಿಮೆಂಟಿಗೆ ಬಡಿದು ಬಿತ್ತು. ಇನ್ನೊಂದು. ದಡದ ಕಲ್ಲಿನ ಮೇಲೆ ಸತ್ತವು ಬೆಳ್ಳಗೆ ಹೊಟ್ಟೆ ಮೇಲಾಗಿ ಬಿದ್ದಿದ್ದವು. ಎಷ್ಟೋ ವರ್ಷದಿಂದ ಈ ರಸ್ತೆಯಲ್ಲಿ ಓಡಾಡಿದವರು ಯಾರೂ ಇಲ್ಲಿ ಗಾಡಿ ನಿಲ್ಲಿಸಿ ಇಳಿದವರಲ್ಲ.

“ಏನಿದು ನಾಟಕ?” ಗ್ಲೆನ್ ಕೊಡೆಯಡಿಯಿಂದ ಕೇಳಿದ. “ಪಾಸ್ಟರ್ ಕಾಯ್ತಿದಾರೆ. ಕೆಲವು ಬೀಳ್ತವೆ, ಕೆಲವು ದಾಟ್ತವೆ. ಅದು ಪ್ರಕೃತಿ.”

ಆರ್ನೆ ಆಗಲೇ ಬಲೆ ಹಿಡಿದು ದಡ ಇಳಿಯುತ್ತಿದ್ದ. ಶವಸಂಸ್ಕಾರಕ್ಕೆ ಹಾಕಿದ್ದ ಒಂದೇ ಒಳ್ಳೆಯ ಪ್ಯಾಂಟು ಮೊಣಕಾಲವರೆಗೆ ನೀರಿಗಿಳಿಯಿತು. ಥೆಲ್ಮಾ ಅವನ ಹಿಂದೆಯೇ ಜಾರಿಕೊಂಡು ಬಂದು ಬಲೆಯ ಹಿಡಿ ಹಿಡಿದಳು.

“ಒಂದೇ ಒಂದು. ಅದು ಅವಳ ಪಾಲಿಂದು. ಉಳಿದವು ಇಲ್ಲೇ ಬಡ್ಕೊಳ್ಳಲಿ, ನೋಡ್ಲಿ ಎಲ್ರೂ.” ಗುಂಡಿಯತ್ತ ನೋಡಲಾರದೆ ಅವಳು ಮುಖ ತಿರುಗಿಸಿದಳು. ಆದರೂ ಹಿಡಿ ಬಿಡಲಿಲ್ಲ.

ಆರ್ನೆ ತಲೆಯಾಡಿಸಿದ. ತುಂಬು ಹೊಟ್ಟೆಯ ಹೆಣ್ಣು ಮೀನೊಂದನ್ನು ಬಲೆಯಲ್ಲೆತ್ತಿ, ದಡ ಹತ್ತಿ, ತನ್ನ ಪಿಕಪ್ಪಿಗೂ ಗ್ಲೆನ್‌ನ ಕಾರಿಗೂ ನಡುವೆ ಹಾದು ರಸ್ತೆ ದಾಟಿದ. ಮೀನು ಬಾಲ ಬಡಿದ ರಭಸಕ್ಕೆ ಗ್ಲೆನ್‌ನ ಕರಿ ಕೋಟಿನ ಮೇಲೆ ಕೆಸರು ಹಾರಿತು. ಆಚೆ ಬದಿಯಲ್ಲಿ ಬಗ್ಗಿ ಅದನ್ನು ನೀರಿಗೆ ಬಿಟ್ಟು ಆರ್ನೆ ಎದ್ದು ನಿಂತ.

“ಹಿಂಗೆ ದಾಟಿದ್ದು ಕಮಿಷನರೇ,” ಎಂದ. ಕೂಗಲಿಲ್ಲ. ಆದರೂ ಎಲ್ಲರಿಗೂ ಕೇಳಿಸಿತು. “ಪ್ರತಿ ಒಂದೂ. ನನ್ನ ಹೆಂಡ್ತಿ ಹೊತ್ತು ಹಾಕಿದ್ದು, ನಾನು ಟಾರ್ಚ್ ಹಿಡಿದಿದ್ದು. ಕೇಸು ಹಾಕೋದಾದ್ರೆ ನನ್ನ ಮೇಲೆ ಹಾಕಿ. ನಿಮ್ಮ ಮೋರಿನ ಒಂದು ಮೀನೂ ದಾಟಿಲ್ಲ.”

ಗ್ಲೆನ್ ಕೋಟಿನ ಕೆಸರು ಒರೆಸಿಕೊಂಡ. ಸುತ್ತ ನೋಡಿದ. ಚರ್ಚಿನಲ್ಲಿ ಅವನ ಮಾತಿಗೆ ಮೂಗು ಸೀಟಿದವರು ಈಗ ಅವನನ್ನೇ ದಿಟ್ಟಿಸುತ್ತಿದ್ದರು. ಕೆಳಗೆ ಮತ್ತೊಂದು ಬಡಿಯಿತು.

“ಸೋಮವಾರ ನಿನ್ನ ಕಚೇರಿ ಎಷ್ಟೊತ್ತಿಗೆ ತೆಗೀತಾರಪ್ಪಾ ಗ್ಲೆನ್?” ಎಂದಳು ಸಿಗ್ನಿ. “ನಾವೆಲ್ಲಾ ಬರ್ತೀವಿ. ಸಹಿ ಹಾಕೋವರೆಗೂ ಕೂತಿರ್ತೀವಿ. ಕಾಫಿ ನಾನೇ ತರ್ತೀನಿ.”

ಯಾರೂ ನಗಲಿಲ್ಲ. ಗ್ಲೆನ್ ಕೊಡೆ ಮಡಚದೆಯೇ ಕಾರಿನೊಳಗೆ ತೂರಿಕೊಳ್ಳಲು ಹೋಗಿ ಸಿಕ್ಕಿಕೊಂಡ.

ಥೆಲ್ಮಾ ಆರ್ನೆಯ ಕೈಯಿಂದ ಬಲೆ ತೆಗೆದುಕೊಂಡು ಶವವಾಹನದ ಹಿಂಬಾಗಿಲು ತೆರೆಸಿದಳು. ಪೆಟ್ಟಿಗೆಯ ಮೇಲಿದ್ದ ಬಿಳಿ ಹೂವನ್ನು ಬದಿಗೆ ಸರಿಸಿ, ಹಿಡಿ ಒಳಗೆ ಬರುವಂತೆ ಬಲೆಯನ್ನು ಮಲಗಿಸಿದಳು. ಬಲೆ ಉದ್ದವಾಯಿತು. ಬಾಗಿಲು ಮುಚ್ಚಲಿಲ್ಲ. ಚಾಲಕ ಎರಡು ಸಲ ತಳ್ಳಿ ನೋಡಿದ.

“ಹಂಗೇ ಇರ್ಲಿ,” ಎಂದಳು ಥೆಲ್ಮಾ. “ಹಗ್ಗದಲ್ಲಿ ಕಟ್ಟು. ಆರ್ನೆ, ನಾವು ಹಿಂದೆ ಬರೋಣ. ಕಮಿಷನರ್ ಮುಂದೆ ಹೋಗ್ಲಿ.”

ಶವವಾಹನ ಗುಡ್ಡ ಹತ್ತತೊಡಗಿತು. ಅರ್ಧ ತೆರೆದ ಬಾಗಿಲಿನಿಂದ ಹೊರಚಾಚಿದ ಬಲೆ, ಇನ್ನೂ ಲೋಳೆ ಸೋರುತ್ತ, ಕಪ್ಪು ಕಾರಿನ ಗಾಜಿನ ಮುಂದೆಯೇ ತೂಗಾಡುತ್ತ ಸಾಗಿತು.